ಅಭಿಮಾನಿಯೂ ಪತ್ರಕರ್ತನೇ? 'ಆಸ್ಟರಾಯ್ಡ್' ಮೊಕದ್ದಮೆಯ ಕತೆ

2004ರ ನವೆಂಬರಿನಲ್ಲಿ 'ಪವರ್‌ಪೇಜ್', 'ಆ್ಯಪಲ್ ಇನ್‌ಸೈಡರ್' ಎಂಬ ಎರಡು ಜಾಲತಾಣಗಳಲ್ಲಿ ಒಂದು ಸುದ್ದಿ ಬಂತು. ಗಿಟಾರನ್ನು ಮ್ಯಾಕ್ ಕಂಪ್ಯೂಟರಿಗೆ ಜೋಡಿಸಿ 'ಗ್ಯಾರೇಜ್‌ಬ್ಯಾಂಡ್' ತಂತ್ರಾಂಶದಲ್ಲಿ ಧ್ವನಿಮುದ್ರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಆ್ಯಪಲ್ ತಯಾರಿಸುತ್ತಿದೆ, ಅದರ ಗುಪ್ತನಾಮ 'ಆಸ್ಟರಾಯ್ಡ್'. ಇಷ್ಟೇ. ಬರೆದವರು ದಿನಪತ್ರಿಕೆಯ ವರದಿಗಾರರಲ್ಲ, ಮ್ಯಾಕ್ ಬಳಸಿ ಬಳಸಿ ಅದರ ಹುಚ್ಚು ಹತ್ತಿಸಿಕೊಂಡವರು.

ಡಿಸೆಂಬರಿನಲ್ಲಿ ಕಂಪನಿ ಸಾಂತಾ ಕ್ಲಾರಾ ಕೋರ್ಟಿಗೆ ಹೋಯಿತು. ಮಾಹಿತಿ ಸೋರಿಸಿದವರು ಯಾರೆಂದು ಗೊತ್ತಿಲ್ಲ. ಹಾಗಾಗಿ 'ಡೋ' ಎಂಬ ಅನಾಮಧೇಯರ ಮೇಲೆ ದಾವೆ. ಹೆಸರು ಸಿಗಬೇಕಾದರೆ ಪವರ್‌ಪೇಜ್‌ಗೆ ಇಮೇಲ್ ಸೇವೆ ಕೊಡುವವರಿಂದ ಪತ್ರಗಳನ್ನು ತರಿಸಬೇಕು. ಆದರೆ ಪತ್ರಕರ್ತ ತನ್ನ ಸುದ್ದಿಮೂಲವನ್ನು ಹೇಳಬೇಕಾಗಿಲ್ಲ ಎಂಬ ರಕ್ಷಣೆ ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ 1980ರಿಂದ ಇದೆ. ಅದು ಅಭಿಮಾನಿಗೂ ಸಲ್ಲುತ್ತದೆಯೇ?

2005ರ ಮಾರ್ಚಿನಲ್ಲಿ ಕೆಳಗಿನ ಕೋರ್ಟು ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು ಕಂಪನಿಯ ಪರ ನಿಂತಿತು. ಜನರಿಗೆ ಕುತೂಹಲ ಇದ್ದಮಾತ್ರಕ್ಕೆ ಅದು ಸಾರ್ವಜನಿಕ ಹಿತಾಸಕ್ತಿಯಾಗದು ಎಂಬುದು ಅದರ ವಾದ. ಪ್ರಾಜೆಕ್ಟ್ ನಡೆಸುವ ನನಗೆ ಕಂಪನಿಯ ಸಂಕಟ ಅರ್ಥವಾಗುತ್ತದೆ. ಬಿಡುಗಡೆಗೆ ಮೊದಲೇ ವಿನ್ಯಾಸ ಹೊರಗೆ ಹೋದರೆ ಯಾವ ತಂಡಕ್ಕಾದರೂ ಹೊಟ್ಟೆ ಉರಿಯುತ್ತದೆ. ಆದರೂ ನನ್ನ ಮತ ಮೇಲ್ಮನವಿಯ ತೀರ್ಪಿಗೇ.

ಆ ತೀರ್ಪು ಬಂದದ್ದು 2006ರ ಮೇ 26ರಂದು. ಸುದ್ದಿ ಸಂಗ್ರಹಿಸಿ ಜನರಿಗೆ ಮುಟ್ಟಿಸುವುದೇ ಉದ್ದೇಶವಾದರೆ ರಕ್ಷಣೆ ಉಂಟು, ಸಾಚಾ ಪತ್ರಿಕೋದ್ಯಮ ಯಾವುದು ಖೋಟಾ ಯಾವುದು ಎಂದು ತೂಗಲು ನಾವು ಹೋಗುವುದಿಲ್ಲ ಎಂದರು ನ್ಯಾಯಾಧೀಶರು. ಕಾಗದದ ಮೇಲೆ ಅಚ್ಚಾಗದಿದ್ದರೂ ಇಂಥ ತಾಣಗಳು ಕಾನೂನಿನಲ್ಲಿರುವ 'ನಿಯತಕಾಲಿಕ'ದ ವ್ಯಾಪ್ತಿಗೆ ಬರುತ್ತವೆ ಎಂದರು. (ಸಂಬಳದ ಕೆಲಸ ಮುಗಿಸಿ ರಾತ್ರಿ ಇ-ಪತ್ರಿಕೆಯ ಕರಡು ತಿದ್ದುವವರು ಈ ಮಾತನ್ನು ಬರೆದಿಟ್ಟುಕೊಳ್ಳಬಹುದು.) ಸಿವಿಲ್ ದಾವೆಯ ಸಮನ್ಸ್ ಹಿಡಿದು ಸೇವಾದಾರರಿಂದ ಖಾಸಗಿ ಇಮೇಲ್ ತರಿಸುವಂತಿಲ್ಲ ಎಂಬುದೂ ಅಲ್ಲೇ ತೀರ್ಮಾನವಾಯಿತು. ನನ್ನ ಪ್ರಕಾರ ಇದೇ ಅದರ ದೊಡ್ಡ ಕೊಡುಗೆ.

ಎಲ್ಲ ಅಭಿಮಾನಿಗಳಿಗೂ ಈ ಅದೃಷ್ಟ ಇರಲಿಲ್ಲ. ನಿಕೋಲಸ್ ಚಿಯರೆಲ್ಲಿ ಹದಿಮೂರರ ಹುಡುಗನಾಗಿದ್ದಾಗ ಶುರುಮಾಡಿದ 'ಥಿಂಕ್ ಸೀಕ್ರೆಟ್' ಮೇಲೂ 2005ರ ಜನವರಿಯಲ್ಲಿ ಆ್ಯಪಲ್ ದಾವೆ ಹೂಡಿತ್ತು. 2007ರ ಡಿಸೆಂಬರಿನಲ್ಲಿ ರಾಜಿಯಾಯಿತು. ಸುದ್ದಿ ಕೊಟ್ಟವರ ಹೆಸರು ಹೊರಬರಲಿಲ್ಲ, ತಾಣ ಮಾತ್ರ ಮುಚ್ಚಿತು.

ನಮ್ಮಲ್ಲಿ 1978ರ ಪ್ರೆಸ್ ಕೌನ್ಸಿಲ್ ಕಾಯಿದೆ ಪತ್ರಕರ್ತನಿಗೆ ಸುದ್ದಿಮೂಲ ಮುಚ್ಚಿಡುವ ಅವಕಾಶ ಕೊಡುತ್ತದೆ, ಆದರೆ ಆ ಕೌನ್ಸಿಲ್ಲಿನ ಮುಂದೆ ಮಾತ್ರ. ಕೋರ್ಟಿನ ಕಟಕಟೆಗೆ ಅದು ಅನ್ವಯಿಸುವುದಿಲ್ಲ.