ಸೂಳೆಕೆರೆಯ ಶಾಂತವ್ವ: ವಂಚನೆಯ ನಂತರದ ಕಥೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯೊಂದಿಗೆ ಬೆಸೆದುಕೊಂಡಿರುವ ಶಾಂತವ್ವನ ಐತಿಹ್ಯವನ್ನು, ಅಂದರೆ ಒಂದು ಸ್ಥಳದ ಹುಟ್ಟನ್ನು ವಿವರಿಸಲು ಜನ ನಿಜವೆಂದೇ ನಂಬಿ ಹೇಳಿಕೊಂಡು ಬಂದ ಕಥನವನ್ನು, ಸಾಮಾನ್ಯವಾಗಿ ಕೆರೆಯ ಇತಿಹಾಸಕ್ಕೆ ಪೀಠಿಕೆಯಾಗಿ ಮಾತ್ರ ಬಳಸಲಾಗುತ್ತದೆ. ದೈವಪುರುಷನೊಬ್ಬನಿಗೆ ಒಲಿದ ರಾಜಕುಮಾರಿಯ ಅದ್ಭುತ ಪ್ರೇಮಕಥೆಯಾಗಿ ಅದನ್ನು ಓದಿದರೆ, ಪ್ರೇಮ ಮುರಿದುಬಿದ್ದ ಮೇಲೆ ಏನಾಯಿತು ಎಂಬುದೇ ಅದರ ಮುಖ್ಯ ವಸ್ತುವೆಂದು ತಿಳಿಯುತ್ತದೆ.

ಚನ್ನಗಿರಿಯು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿ ಕೆರೆಯ ನಿರ್ಮಾಣವನ್ನು 11 ಅಥವಾ 12ನೆಯ ಶತಮಾನಕ್ಕೆ ಇರಿಸಲಾಗಿದೆ. ಸ್ವರ್ಗಾವತಿ ಎಂಬ ನಗರದ ಅರಸನ ಮಗಳು ಶಾಂತವ್ವ ತನ್ನ ಪ್ರೇಮಸಂಬಂಧದ ಪ್ರಾಯಶ್ಚಿತ್ತಕ್ಕಾಗಿ ಕೆರೆ ಕಟ್ಟಿಸಿದಳು, ತಂದೆಯ ನಗರವೇ ಅದರಲ್ಲಿ ಮುಳುಗಿತು, ಸಿಟ್ಟಿಗೆದ್ದ ತಂದೆ ಅವಳನ್ನು ಸೂಳೆಯೆಂದು ಶಪಿಸಿದ ಎಂಬ ಕಥೆ ಇದೆ. ಜನರ ಬಾಯಲ್ಲಿರುವ ಇನ್ನೊಂದು ಪಾಠದಲ್ಲಾದರೋ ಆ ನೆಲ ವೇಶ್ಯೆಯರದು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಅವರು ಶಾಂತವ್ವನಿಗೆ ಜಾಗ ಬಿಟ್ಟುಕೊಟ್ಟರು. ಮೊದಲನೆಯದರಲ್ಲಿ ಹೆಸರು ಶಿಕ್ಷೆ, ಎರಡನೆಯದರಲ್ಲಿ ಅದು ದಾನಕ್ಕೆ ಸಂದ ಬೆಲೆ. ಕೆರೆ ಕಟ್ಟುವಷ್ಟು ಸಮರ್ಥಳಾದವಳನ್ನು ಬರಿಯ ಪಾಪಿಯಾಗಿ ಉಳಿಸದೆ, ಬೇರೆ ಹೆಣ್ಣುಗಳೊಡನೆ ವ್ಯವಹಾರಕ್ಕೆ ಕೂರಿಸಿರುವುದರಿಂದ ಎರಡನೆಯ ಪಾಠವೇ ಹೆಚ್ಚು ಗಟ್ಟಿಯಾದದ್ದು.

ಎರಡರಲ್ಲಿಯೂ ಪ್ರಿಯಕರ ಮಾತ್ರ ಲೆಕ್ಕ ಕೊಡದೆ ಜಾರಿಕೊಳ್ಳುತ್ತಾನೆ. ಕಥೆಯಲ್ಲಿ ಅವನಿಗೆ ಸಿದ್ಧೇಶ್ವರನೆಂಬ ಹೆಸರಿದೆ. ಕೆರೆಯ ಎರಡು ತೂಬುಗಳಲ್ಲಿ ಒಂದು ಸಿದ್ಧ, ಇನ್ನೊಂದು ಬಸವ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಅಡ್ಡಲಾಗಿ ಹಾಕಿದ, ಉದ್ದಕ್ಕಿಂತ ದಪ್ಪದಲ್ಲಿಯೇ ಬೆರಗು ಹುಟ್ಟಿಸುವ ಏರಿಯಿಂದ ಹೊರಬಿದ್ದ ನೀರು ಗದ್ದೆಗಳನ್ನು ತಣಿಸುತ್ತದೆ, ಹಳ್ಳವು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಶಪಿತಳಾದವಳು ಕಟ್ಟಿದ ಕೆರೆಯ ತೂಬಿಗೆ ಪ್ರಿಯಕರನ ಹೆಸರೇ ಹತ್ತಿರವಾಗಿರುವುದು ಕಥೆಯ ವ್ಯಂಗ್ಯಗಳಲ್ಲಿ ಒಂದು.

ಕೆರೆಗೂ ಹೆಣ್ಣಿಗೂ ನಂಟು ಕಟ್ಟುವ ಕನ್ನಡ ಕಥನಗಳಲ್ಲಿ ಹೆಚ್ಚು ಪ್ರಸಿದ್ಧವಾದ ‘ಕೆರೆಗೆ ಹಾರ’ ಕಥನಗೀತದ ಭಾಗೀರಥಿಗೆ ದ್ರೋಹ ಬಗೆಯುವವರು ಅವಳನ್ನು ಕೆರೆಗೆ ಬಲಿಕೊಡುವ ಅತ್ತೆಮಾವಂದಿರು. ವಿಷಯ ತಿಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಅಲ್ಲಿ ಪ್ರೇಮದ ಮುಂದಿನ ಭಾಗ ಸಾವು. ಗಿರೀಶ ಕಾರ್ನಾಡರು ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಬರೆದ ‘ನಾಗಮಂಡಲ’ ನಾಟಕದಲ್ಲಿ ಸೂಳೆಯ ಮನೆಗೆ ಹೋಗುವ ಅಪ್ಪಣ್ಣ ಕೊನೆಗೆ ಹೆಂಡತಿ ರಾಣಿಯನ್ನು ದೇವತೆಯಂತೆ ಒಪ್ಪಿಕೊಂಡರೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವನಿಗೆ ಸತ್ಯ ತಿಳಿದಿರಲಿಲ್ಲವೇ ಎಂಬ ಅನುಮಾನ ಎದ್ದು, ಮತ್ತೊಂದು ಅಂತ್ಯವನ್ನು ಸೇರಿಸಬೇಕಾಗುತ್ತದೆ. ಮುಗಿದ ಪ್ರೇಮಕಥೆಯನ್ನು ಮತ್ತೆ ತೆರೆಯುವ ಈ ಅಭ್ಯಾಸ ಜನಪದದಲ್ಲಿ ಹಳೆಯದು.

ಶಾಂತವ್ವನ ಕಥೆಯನ್ನೂ ಹೀಗೆ ಮತ್ತೆ ತೆರೆಯಲಾಗಿದೆ. ಸರ್ಕಾರದ ಕಾಗದಗಳಲ್ಲಿಯೂ ಪ್ರವಾಸಿ ಫಲಕಗಳಲ್ಲಿಯೂ ಕೆರೆಗೆ ಈಗ ‘ಶಾಂತಿಸಾಗರ’ ಎಂದು ಹೆಸರು. ಅದು ಶಾಂತವ್ವನ ಶಾಪವನ್ನು ತೆಗೆದುಹಾಕುತ್ತದಾದರೂ ನೆಲ ಬಿಟ್ಟುಕೊಟ್ಟವರಿಗೆ ಕೊಟ್ಟಿದ್ದ ಮಾತನ್ನು ಮುರಿಯುತ್ತದೆ. ಚನ್ನಗಿರಿಯ ಸುತ್ತಿನ ರೈತರು ಇಂದಿಗೂ ಅದನ್ನು ಸೂಳೆಕೆರೆ ಎಂದೇ ಕರೆಯುತ್ತಾರೆ.