ಲಗ್ಗೆರೆಯಿಂದ ಗೋಕರ್ಣಕ್ಕೆ ಬಸ್ಸು, ರೈಲಲ್ಲಿ ಹೋಗಿಬರೋದು ಹೇಗೆ? ಮೆಜೆಸ್ಟಿಕ್‌ಗೆ ಹೋಗಬೇಕಿಲ್ಲ, ಇಲ್ಲಿದೆ ಪೂರ್ತಿ ಮಾಹಿತಿ

ಲಗ್ಗೆರೆ: ವಾರಕ್ಕೆ ಒಂದೇ ರಜೆ. ಅದೂ ಭಾನುವಾರ. ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿ ಸುತ್ತಮುತ್ತ ಫ್ಯಾಕ್ಟರಿ, ಗಾರ್ಮೆಂಟ್ಸ್, ಅಂಗಡಿ ನಂಬಿಕೊಂಡು ಬದುಕುವವರಿಗೆ ಸಮುದ್ರ ನೋಡೋದು ಅಂದ್ರೆ ವರ್ಷಕ್ಕೊಂದು ಸಲದ ಮಾತು. ಟೆಂಪೊ ಟ್ರಾವೆಲರ್ ಮಾಡಿಸಿದರೆ ಒಂದು ಕುಟುಂಬಕ್ಕೆ ಅರ್ಧ ತಿಂಗಳ ಸಂಬಳ ಹೋಗುತ್ತೆ. ಸರ್ಕಾರಿ ಬಸ್ಸು, ರೈಲಲ್ಲೇ ಹೋಗೋಣ ಅಂದ್ರೆ ಮೆಜೆಸ್ಟಿಕ್‌ವರೆಗೆ ಲಗೇಜು ಹೊತ್ತು ಹೋಗಬೇಕಲ್ಲ ಅನ್ನೋ ಚಿಂತೆ.

ಆದರೆ ಗೋಕರ್ಣಕ್ಕೆ ಹೋಗುವ ದಾರಿ ಲಗ್ಗೆರೆಯವರ ಮನೆ ಬಾಗಿಲಲ್ಲೇ ಇದೆ. ತುಮಕೂರು ರಸ್ತೆಯ ಬಸ್ಸುಗಳು ಗೊರಗುಂಟೆಪಾಳ್ಯ ದಾಟಿಯೇ ಹೋಗಬೇಕು. ಕಾರವಾರದ ರಾತ್ರಿ ರೈಲು ಯಶವಂತಪುರದಲ್ಲಿ ನಿಲ್ಲುತ್ತದೆ. ಎರಡೂ ಕಡೆ ಲಗ್ಗೆರೆ ಬ್ರಿಡ್ಜ್‌ನಿಂದ ಕೆಲವೇ ಕಿಲೋಮೀಟರ್. ಕಷ್ಟ ಇರೋದು ಇಲ್ಲಲ್ಲ, ಕೊನೆಯ 10 ಕಿ.ಮೀ.ನಲ್ಲಿ ಮತ್ತು ಸೋಮವಾರ ಬೆಳಿಗ್ಗೆ ವಾಪಸ್ ಕೆಲಸಕ್ಕೆ ಸೇರಿಕೊಳ್ಳುವುದರಲ್ಲಿ. ಅವೆರಡನ್ನೂ ಮೊದಲೇ ಲೆಕ್ಕ ಹಾಕಿಕೊಂಡರೆ ಪ್ರಯಾಣ ಸುಲಭ.

ಗೋಕರ್ಣ ಎಲ್ಲಿದೆ?

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಊರು. ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 480ರಿಂದ 500 ಕಿ.ಮೀ. ಮಹಾಬಲೇಶ್ವರನ ಆತ್ಮಲಿಂಗದಿಂದ ಹೆಸರಾದ ಕ್ಷೇತ್ರ. ಹಿರಿಯರ ಕಾರ್ಯ ಮಾಡಿಸಲು ಹೋಗುವವರೂ ಬಹಳ. ಊರಿನ ಮುಖ್ಯ ಕಡಲತೀರ ದೇವಸ್ಥಾನದ ಹತ್ತಿರವೇ ಇದೆ. ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳು ಸಾಲಾಗಿ ಸಿಗುತ್ತವೆ.

ರಾಷ್ಟ್ರೀಯ ಹೆದ್ದಾರಿ 66 ಆಗಲಿ, ಕೊಂಕಣ ರೈಲ್ವೆ ಆಗಲಿ ಊರೊಳಗೆ ಬರೋದಿಲ್ಲ. ಹೆದ್ದಾರಿಯಲ್ಲಿ ಬಂದವರು ಮಾದನಗೇರಿ ಕ್ರಾಸ್ ಹತ್ತಿರ ತಿರುಗಬೇಕು. ‘ಗೋಕರ್ಣ ರೋಡ್’ ರೈಲು ನಿಲ್ದಾಣವೂ ಊರಿನಿಂದ ಸುಮಾರು 10 ಕಿ.ಮೀ. ದೂರ. ನಿಲ್ದಾಣದ ಹೆಸರು ನೋಡಿ ಇಳಿದ ಕೂಡಲೇ ಸಮುದ್ರ ಅಂದುಕೊಂಡವರಿಗೆ ಮೊದಲು ಸಿಗೋದು ಆಟೋದವರ ರೇಟು.

ದಾರಿ 1: ರಾತ್ರಿ ರೈಲು

ಭಾನುವಾರ ಒಂದೇ ರಜೆ ಇರುವವರಿಗೆ ಹೊಂದುವ ರೈಲು ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್. ಕೆಎಸ್‌ಆರ್ ಬೆಂಗಳೂರಿನಿಂದ ಸಂಜೆ ಹೊರಟು 7 ಗಂಟೆ ಆಸುಪಾಸಿಗೆ ಯಶವಂತಪುರಕ್ಕೆ ಬರುತ್ತದೆ. ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಮೇಲೆ ಘಾಟಿ ಇಳಿದು, ಉಡುಪಿ, ಕುಂದಾಪುರ, ಭಟ್ಕಳ, ಕುಮಟಾ ದಾಟಿ ಬೆಳಿಗ್ಗೆ ಗೋಕರ್ಣ ರೋಡ್ ಮುಟ್ಟುತ್ತದೆ. ವಾಪಸ್ ಬರುವ ರೈಲು ಸಂಜೆ ಕಾರವಾರದಿಂದ ಹೊರಟು ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಬರುತ್ತದೆ.

ಅಂದರೆ ಶನಿವಾರ ಸಂಜೆ ಹತ್ತಿ, ಭಾನುವಾರ ಇಡೀ ಹಗಲು ಗೋಕರ್ಣದಲ್ಲಿದ್ದು, ಸೋಮವಾರ ಬೆಳಿಗ್ಗೆ ಯಶವಂತಪುರದಲ್ಲಿ ಇಳಿಯಬಹುದು. ಲಾಡ್ಜ್ ಖರ್ಚು ಉಳಿಯಿತು. ಆದರೆ ಶನಿವಾರ 6 ಗಂಟೆಗೆ ಫ್ಯಾಕ್ಟರಿ ಬಿಡುವವರು ಮನೆಗೆ ಹೋಗಿ ಬ್ಯಾಗ್ ತಗೊಂಡು ಬರ್ತೀನಿ ಅಂದ್ರೆ ರೈಲು ತಪ್ಪುತ್ತೆ. ಬ್ಯಾಗ್ ಕೆಲಸಕ್ಕೇ ತಗೊಂಡು ಹೋಗಬೇಕು, ಇಲ್ಲವೇ ಅರ್ಧ ದಿನ ರಜೆ ಹಾಕಬೇಕು. ಸೋಮವಾರ ಬೆಳಿಗ್ಗೆ 6ರ ಫಸ್ಟ್ ಶಿಫ್ಟ್ ಇದ್ದವರಿಗೂ ಈ ರೈಲು ಆಗಿಬರೋದಿಲ್ಲ. ಜನರಲ್ ಶಿಫ್ಟಿನವರು ಕೂಡ ರೈಲು ಒಂದು ಗಂಟೆ ತಡವಾದರೆ ಏನು ಅಂತ ಯೋಚಿಸಿ, ಸೂಪರ್‌ವೈಸರ್‌ಗೆ ಮುಂಚೆಯೇ ಹೇಳಿಟ್ಟಿರೋದು ಒಳ್ಳೇದು.

ಯಶವಂತಪುರಕ್ಕೆ ಹೋಗಲು ಲಗ್ಗೆರೆ ಬ್ರಿಡ್ಜ್‌ನಲ್ಲಿ ರಿಂಗ್ ರೋಡ್ ಬಸ್ ಹತ್ತಿ ಗೊರಗುಂಟೆಪಾಳ್ಯಕ್ಕೆ ಬನ್ನಿ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಮುಂದಿನ ಸ್ಟೇಷನ್ನೇ ಯಶವಂತಪುರ. ಶನಿವಾರ ಸಂಜೆ ಗೊರಗುಂಟೆಪಾಳ್ಯ ಜಂಕ್ಷನ್ ಜಾಮ್ ಎಲ್ಲರಿಗೂ ಗೊತ್ತಿರೋದೇ. ದೂರ ಕಡಿಮೆ ಅಂತ ಕೊನೇ ಗಳಿಗೆಯಲ್ಲಿ ಹೊರಡಬೇಡಿ, ಕನಿಷ್ಠ ಒಂದೂವರೆ ಗಂಟೆ ಮುಂಚೆ ಮನೆ ಬಿಡಿ.

ಟಿಕೆಟ್: ರೈಲ್ವೆ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಶನಿವಾರದ ಸ್ಲೀಪರ್ ಬೇಗ ತುಂಬುತ್ತದೆ, ಅದಕ್ಕೇ ಹೋಗುವ, ಬರುವ ಎರಡೂ ಟಿಕೆಟ್ ಒಟ್ಟಿಗೆ ನೋಡಿ. ತತ್ಕಾಲ್ ಒಂದು ದಿನ ಮುಂಚೆ ತೆರೆಯುತ್ತದೆ: ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11 ಗಂಟೆ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಣೆ ಆಗಿರಲೇಬೇಕು. ತುರ್ತಿನಲ್ಲಿ ಮಾಡೋಣ ಅಂತ ಬಿಡದೆ ಈಗಲೇ ಮಾಡಿಟ್ಟುಕೊಳ್ಳಿ.

ಯಶವಂತಪುರದಿಂದ ಕಾರವಾರಕ್ಕೆ ವಾರದಲ್ಲಿ ಮೂರು ದಿನದ ಹಗಲು ರೈಲೂ ಇದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿ, 57 ಸುರಂಗ ನೋಡಬೇಕು ಅನ್ನೋರಿಗೆ ಅದೇ ಸರಿ. ಆದರೆ ಗೋಕರ್ಣ ರೋಡ್ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಘಾಟಿಯಲ್ಲಿ ಕೆಲಸ ನಡೆಯುವಾಗ ಹಗಲು ರೈಲಿಗೇ ಮೊದಲ ಪೆಟ್ಟು. 2025ರಲ್ಲಿ ವಿದ್ಯುದೀಕರಣ ಕಾಮಗಾರಿಗೆ ಅಂತ ಜೂನ್‌ನಿಂದ ತಿಂಗಳುಗಟ್ಟಲೆ ನಿಂತಿತ್ತು.

ದಾರಿ 2: ರಾತ್ರಿ ಬಸ್ಸು

ಸರ್ಕಾರಿ ರಾತ್ರಿ ಬಸ್ಸುಗಳು ಮೆಜೆಸ್ಟಿಕ್‌ನಿಂದ ಹೊರಟು ತುಮಕೂರು ರಸ್ತೆ ಹಿಡಿಯುತ್ತವೆ. ಮುಂದೆ ಕೆಲವು ಶಿವಮೊಗ್ಗ, ಸಾಗರ, ಹೊನ್ನಾವರ ಮೇಲೆ, ಕೆಲವು ಹಾವೇರಿ, ಶಿರಸಿ ಮೇಲೆ, ಇನ್ನು ಕೆಲವು ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಹೋಗುತ್ತವೆ. ಬುಕ್ ಮಾಡುವಾಗ ಯಾವ ದಾರಿ ಅಂತ ನೋಡಿಕೊಳ್ಳಿ. ಶಿರಸಿ–ಕುಮಟಾ ನಡುವಿನ ದೇವಿಮನೆ ಘಾಟಿಯಲ್ಲಿ ರಸ್ತೆ ಅಗಲೀಕರಣ, ಮಳೆ ಕಾರಣಕ್ಕೆ ಹಿಂದೆ ಹಲವು ಸಲ ಸಂಚಾರ ನಿರ್ಬಂಧಿಸಿದ್ದುಂಟು.

ಹತ್ತುವ ಜಾಗದ ವಿಷಯದಲ್ಲಿ ಇಲ್ಲಿನವರು ಹೆಚ್ಚಾಗಿ ಎಡವುತ್ತಾರೆ. ಬುಕಿಂಗ್‌ನಲ್ಲಿ ‘ಮೆಜೆಸ್ಟಿಕ್’ ಬದಲು ಗೊರಗುಂಟೆಪಾಳ್ಯ ಅಥವಾ ಜಾಲಹಳ್ಳಿ ಕ್ರಾಸ್ ಪಿಕಪ್ ಪಾಯಿಂಟ್ ಆರಿಸಿ. ಎರಡರಲ್ಲಿ ಗೊರಗುಂಟೆಪಾಳ್ಯವೇ ವಾಸಿ. ಅಲ್ಲಿಂದ ಪೀಣ್ಯ ಮೇಲ್ಸೇತುವೆ ಹತ್ತಿದ ಬಸ್ಸಿಗೆ ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿ ಸಿಗೋದಿಲ್ಲ. ಕೇಬಲ್ ದೋಷದಿಂದ 2021ರ ಡಿಸೆಂಬರ್‌ನಲ್ಲಿ ಮೇಲ್ಸೇತುವೆ ಬಂದ್ ಆದ ಮೇಲೆ ಬಸ್ಸುಗಳೆಲ್ಲ ಕೆಳಗಿನ ರಸ್ತೆಯಲ್ಲೇ ಓಡುತ್ತಿದ್ದವು. 2024ರ ಜುಲೈನಿಂದ ಭಾರಿ ವಾಹನಗಳಿಗೆ ಮತ್ತೆ ಅವಕಾಶ ಸಿಕ್ಕಿದೆ. ಹಳೇ ಅಭ್ಯಾಸದಲ್ಲಿ ಕೆಳಗೆ ಕಾಯುತ್ತಾ ನಿಂತವರ ತಲೆ ಮೇಲೇ ಬಸ್ಸು ಹೋಗಿರುತ್ತದೆ.

ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣಕ್ಕೂ ಹೋಗಿ ಕಾಯಬೇಡಿ. ಉತ್ತರ ಕರ್ನಾಟಕದ ಕಡೆಯ ಬಸ್ಸುಗಳು ಅಲ್ಲಿಂದಲೇ ಹೊರಡಲಿ ಅಂತ ಕಟ್ಟಿ, 2014ರಲ್ಲಿ ಶುರು ಮಾಡಿದ ನಿಲ್ದಾಣ ಅದು. ಜನ ಬರಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೇ ವಾಪಸ್ ಹೋದವು.

ಖಾಸಗಿ ಸ್ಲೀಪರ್ ಬಸ್ಸುಗಳೂ ಈ ದಾರಿಯಲ್ಲಿ ಬೇಕಾದಷ್ಟಿವೆ. ಮಾಮೂಲಿ ದಿನಕ್ಕೂ ಸಾಲು ಸಾಲು ರಜೆ ದಿನಕ್ಕೂ ದರದಲ್ಲಿ ಅಜಗಜಾಂತರ. ಕೆಲವು ಬಸ್ಸು ಊರೊಳಗೆ ಹೋಗದೆ ಹೆದ್ದಾರಿಯಲ್ಲೇ ಇಳಿಸಿಬಿಡುತ್ತವೆ. ‘ಗೋಕರ್ಣ ಬಸ್ ಸ್ಟ್ಯಾಂಡ್‌ಗೆ ಹೋಗುತ್ತಾ?’ ಅಂತ ದುಡ್ಡು ಕೊಡುವ ಮುಂಚೆ ಕೇಳಿ.

ದಾರಿ 3: ಮಹಿಳೆಯರಿಗೆ ಉಚಿತ, ಆದರೆ ಬಸ್ ಬದಲಿಸಬೇಕು

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ರಾಜಹಂಸ, ಸ್ಲೀಪರ್, ಐರಾವತ ಇವಕ್ಕೆಲ್ಲ ಅನ್ವಯ ಇಲ್ಲ. ಗೋಕರ್ಣದ ರಾತ್ರಿ ಸ್ಲೀಪರ್ ಹತ್ತಿ ಆಧಾರ್ ತೋರಿಸಿದರೆ ಪ್ರಯೋಜನ ಇಲ್ಲ.

ಹಾಗಂತ ಉಚಿತವಾಗಿ ಹೋಗೋಕೆ ಆಗಲ್ಲ ಅಂತಲ್ಲ. ಕೆಂಪು ಬಸ್ಸುಗಳನ್ನೇ ಹಿಡಿದು ಹಂತ ಹಂತವಾಗಿ ಹೋಗಬೇಕು. ಗೊರಗುಂಟೆಪಾಳ್ಯದಲ್ಲಿ ಶಿವಮೊಗ್ಗ ಬಸ್, ಶಿವಮೊಗ್ಗದಲ್ಲಿ ಸಾಗರ ಮೇಲೆ ಹೊನ್ನಾವರ ಕಡೆಗೆ ಹೋಗುವ ಬಸ್, ಹೊನ್ನಾವರದಿಂದ ಕುಮಟಾ, ಕುಮಟಾದಿಂದ ಗೋಕರ್ಣ. ಬೆಳಗಿನ ಜಾವ ಹೊರಟರೂ ತಲುಪುವಾಗ ರಾತ್ರಿಯಾಗುತ್ತೆ. ಸಾಗರ ದಾಟಿ ಗೇರುಸೊಪ್ಪ ಘಾಟಿ ಇಳಿಯುವ ದಾರಿಯಲ್ಲಿ ವಾಂತಿ ಬರುವವರು ಮಾತ್ರೆ ಇಟ್ಟುಕೊಳ್ಳಿ. ಒಂದು ದಿನದ ರಜೆಗೆ ಈ ದಾರಿ ಬೇಡ, ಎರಡು ಮೂರು ದಿನ ಇದ್ದರೆ ಸರಿ.

ನೆನಪಿರಲಿ: ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಹೊರರಾಜ್ಯದಿಂದ ಬಂದು ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ವಿಳಾಸ ಬದಲಿಸಿಕೊಳ್ಳದಿದ್ದರೆ ಪೂರ್ತಿ ಟಿಕೆಟ್ ಕೊಡಬೇಕಾಗುತ್ತೆ. ಉಚಿತ ಅಂತ ಸುಮ್ಮನೆ ಕೂರಬಾರದು, ಕಂಡಕ್ಟರ್ ಹತ್ತಿರ ಶೂನ್ಯ ದರದ ಟಿಕೆಟ್ ಕೇಳಿ ಪಡೀಬೇಕು. ಜೊತೆಗೆ ಬರುವ ಗಂಡಸರಿಗೆ ಮಾಮೂಲಿ ದರ. ಈ ದರ 2025ರ ಜನವರಿ 5ರಿಂದ ಶೇ 15 ಏರಿದೆ.

ಕೊನೆಯ 10 ಕಿ.ಮೀ.: ಕುಮಟಾದಲ್ಲಿ ಇಳಿಯೋದೂ ಜಾಣತನ

ಗೋಕರ್ಣ ರೋಡ್‌ನಲ್ಲಿ ಇಳಿದರೆ ಆಟೋನೇ ಗತಿ. ನಾಲ್ಕು ಜನ ಇದ್ದರೆ ಹಂಚಿಕೊಂಡು ಹೋಗಬಹುದು, ರೇಟು ಮೊದಲೇ ಮಾತಾಡಿ. ಒಬ್ಬರೇ ಇದ್ದರೆ ಅಥವಾ ಕೈ ಬಿಗಿ ಇದ್ದರೆ, ಅದಕ್ಕೂ ಮುಂಚಿನ ಕುಮಟಾದಲ್ಲೇ ಇಳಿಯಬಹುದು. ಅದು ತಾಲ್ಲೂಕು ಕೇಂದ್ರ. ಬಸ್ ನಿಲ್ದಾಣ ರೈಲು ನಿಲ್ದಾಣಕ್ಕೆ ದೂರವಿಲ್ಲ. ಅಲ್ಲಿಂದ ಗೋಕರ್ಣಕ್ಕೆ ಸುಮಾರು 30 ಕಿ.ಮೀ., ಲೋಕಲ್ ಬಸ್ಸುಗಳು ಹಗಲೆಲ್ಲ ಓಡುತ್ತವೆ. ಮಹಿಳೆಯರಿಗೆ ಇದೂ ಉಚಿತ. ಮುಕ್ಕಾಲು ಗಂಟೆ, ಒಂದು ಗಂಟೆ ಹೆಚ್ಚಾಗಬಹುದು, ಆದರೆ ಬಸ್ಸು ಊರೊಳಗೇ ಇಳಿಸುತ್ತದೆ.

ವಾಪಸ್ ಬರುವಾಗ ಉಲ್ಟಾ ಲೆಕ್ಕ. ಸಂಜೆ ರೈಲಿಗೆ ಗೋಕರ್ಣದಲ್ಲಿ ಕಡೇ ಗಳಿಗೆಯಲ್ಲಿ ಆಟೋ ಹುಡುಕಬೇಡಿ. ಬೆಳಿಗ್ಗೆ ಬಿಟ್ಟ ಆಟೋದವರ ನಂಬರ್ ತಗೊಂಡು ಸಮಯ ಹೇಳಿಡಿ. ರೈಲು ತಪ್ಪಿದರೂ ಗಾಬರಿ ಬೇಡ. ಹುಬ್ಬಳ್ಳಿ ಕಡೆಗೆ ಅಂಕೋಲಾದಿಂದ ಬಸ್ಸುಗಳಿವೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು, ರೈಲು ಸಿಗುತ್ತವೆ.

ಊರಲ್ಲಿ ಓಡಾಟ

ದೇವಸ್ಥಾನ, ಕೋಟಿತೀರ್ಥ, ಮುಖ್ಯ ಕಡಲತೀರ ಎಲ್ಲಾ ನಡೆದೇ ನೋಡಬಹುದು. ಗರ್ಭಗುಡಿಗೆ ಹೋಗುವ ಗಂಡಸರು ಪಂಚೆ ಇಟ್ಟುಕೊಂಡಿರಿ. ಕುಡ್ಲೆಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಅರ್ಧ ಗಂಟೆಯೊಳಗೆ ಹೋಗಬಹುದು. ಓಂ ಬೀಚ್‌ವರೆಗೆ ಆಟೋ ಹೋಗುತ್ತೆ. ಹಾಫ್ ಮೂನ್, ಪ್ಯಾರಡೈಸ್‌ಗೆ ನಡಿಗೆ ಅಥವಾ ದೋಣಿ. ಆ ಕಾಲುದಾರಿಯಲ್ಲಿ ಬಂಡೆ, ಜಾರು ಜಾಸ್ತಿ, ಸಂಜೆ ಕತ್ತಲಾದ ಮೇಲೆ ಬೇಡ. ಶಿವರಾತ್ರಿ ಜಾತ್ರೆ, ಅಮಾವಾಸ್ಯೆ, ವರ್ಷದ ಕೊನೆಯ ವಾರ ರೂಮು ಸಿಗೋದೂ ಕಷ್ಟ, ಬಸ್ಸಲ್ಲಿ ಸೀಟು ಸಿಗೋದೂ ಕಷ್ಟ.

ನೀರಿಗಿಳಿಯುವ ಮುಂಚೆ

ಕೆರೆ, ಬಾವಿಯಲ್ಲಿ ಈಜು ಕಲಿತವರಿಗೆ ಸಮುದ್ರ ಬೇರೆಯೇ ಲೆಕ್ಕ. ಮೊಣಕಾಲುದ್ದ ನೀರಲ್ಲಿ ನಿಂತವರನ್ನೂ ವಾಪಸ್ ಹೋಗುವ ಅಲೆ ಕಾಲ ಕೆಳಗಿನ ಮರಳು ಸಮೇತ ಎಳೆಯುತ್ತದೆ. 2024ರ ಡಿಸೆಂಬರ್ 10ರಂದು ಇದೇ ಜಿಲ್ಲೆಯ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಅದು ಮಳೆಗಾಲವೂ ಅಲ್ಲ. ಜೀವರಕ್ಷಕರು ಸೀಟಿ ಊದಿದರೆ ಈಚೆ ಬನ್ನಿ. ಕುಡಿದು ಇಳಿಯಬೇಡಿ. ಬಂಡೆ ಮೇಲೆ ನಿಂತು ಸೆಲ್ಫಿ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗದಿರೋದೇ ಕ್ಷೇಮ. ಆಗ ಸಮುದ್ರಕ್ಕಿಳಿಯಲು ಬಿಡೋದಿಲ್ಲ, ದಾರಿಯೂ ಗ್ಯಾರಂಟಿ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹಲವರು ಸತ್ತರು, ರಸ್ತೆ ಎಷ್ಟೋ ದಿನ ಬಂದ್ ಆಗಿತ್ತು. ಸಕಲೇಶಪುರ ಘಾಟಿಯ ರೈಲು ಹಳಿ ಮೇಲೂ ಮಳೆಗಾಲದಲ್ಲಿ ಮಣ್ಣು ಬೀಳುತ್ತಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೇ ಕಾಲ.

ಹೊರಡುವ ಮುಂಚೆ ನೋಡಿಕೊಳ್ಳಿ

* ರೈಲು ಓಡುತ್ತಿದೆಯೇ, ಎಷ್ಟು ತಡ: 139ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ವೆ ಆ್ಯಪ್‌ನಲ್ಲಿ ನೋಡಿ. ಸಮಯ ಬದಲಾಗುತ್ತಿರುತ್ತದೆ, ಹಿಂದಿನ ದಿನವೇ ಖಚಿತ ಮಾಡಿಕೊಳ್ಳಿ.
* ಬಸ್ ಟಿಕೆಟ್‌ನಲ್ಲಿ ಹತ್ತುವ ಜಾಗ ಗೊರಗುಂಟೆಪಾಳ್ಯ ಅಂತ ಇದೆಯೇ, ಇಳಿಯುವ ಜಾಗ ಗೋಕರ್ಣ ಬಸ್ ನಿಲ್ದಾಣವೇ?
* ಮಹಿಳೆಯರು ಕರ್ನಾಟಕ ವಿಳಾಸದ ಗುರುತಿನ ಚೀಟಿ ಇಟ್ಟುಕೊಂಡಿದ್ದಾರೆಯೇ?
* ಆಟೋ, ಲೋಕಲ್ ಬಸ್‌ಗೆ ಚಿಲ್ಲರೆ ದುಡ್ಡು ಇರಲಿ. ಗುಡ್ಡದ ಆಚೆ ಫೋನ್ ನೆಟ್‌ವರ್ಕ್ ಕೈಕೊಟ್ಟರೆ ಆನ್‌ಲೈನ್ ಪಾವತಿ ಆಗಲ್ಲ.
* ಅಂಗಡಿ ಇರುವವರು ಸೋಮವಾರ ಬೆಳಿಗ್ಗೆ ಹಾಲು, ತರಕಾರಿ ಇಳಿಸಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿ ಹೋಗಿ.
* ಎಲ್ಲೇ ತೊಂದರೆಯಾದರೂ ತುರ್ತು ಸಂಖ್ಯೆ 112.