ರೋಗವಿಲ್ಲದ ದಿನಗಳಲ್ಲಿ ರೋಗಾಣು ಎಲ್ಲಿರುತ್ತದೆ?

ಸತ್ತ ದನದ ಮುಂದೆ ನಿಂತಾಗ ಏಳುವ ಮೊದಲ ಪ್ರಶ್ನೆ, ಇದು ಯಾವ ರೋಗ ಎಂಬುದು. ಬ್ಯಾಕ್ಟೀರಿಯಾ ವಿಜ್ಞಾನ ಇದಕ್ಕೆ ಬೇಗನೆ ಉತ್ತರ ಹುಡುಕಿಕೊಟ್ಟಿತು. ಊರಿನಲ್ಲಿ ಒಂದೂ ದನ ಕಾಯಿಲೆ ಬೀಳದ ವರ್ಷಗಳಲ್ಲಿ ಆ ರೋಗಾಣು ಎಲ್ಲಿತ್ತು ಎಂಬ ಎರಡನೆಯ ಪ್ರಶ್ನೆ ಮಾತ್ರ ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಸಾಕುಪ್ರಾಣಿ, ಕಾಡುಪ್ರಾಣಿಗಳ ಸೋಂಕುಗಳ ಕುರಿತು ಒಂದೂವರೆ ಶತಮಾನದಿಂದ ನಡೆದಿರುವ ಕೆಲಸವನ್ನು ಓದುತ್ತ ಹೋದಂತೆ, ಈ ಎರಡನೆಯ ಪ್ರಶ್ನೆಯನ್ನು ಯಾರಾದರೂ ಕೇಳಿದಾಗಲೆಲ್ಲ ವಿಜ್ಞಾನ ಒಂದು ಹೆಜ್ಜೆ ಮುಂದೆ ಹೋಗಿದೆ ಎಂದು ನನಗೆ ಅನ್ನಿಸುತ್ತದೆ.

ನೆರಡಿ ರೋಗದಿಂದಲೇ ಆರಂಭಿಸಬೇಕು. ಪುಸ್ತಕದ ಹೆಸರು ಆಂಥ್ರಾಕ್ಸ್. ಫ್ರಾನ್ಸಿನ ರೇಯೆ ಮತ್ತು ದವೇನ್ 1850ರಲ್ಲೇ ಈ ರೋಗದಿಂದ ಸತ್ತ ಕುರಿಗಳ ರಕ್ತದಲ್ಲಿ ಕಡ್ಡಿಯಂಥ ಕಣಗಳನ್ನು ಕಂಡಿದ್ದರು. ಆದರೆ ಕೆಲವು ಹುಲ್ಲುಗಾವಲುಗಳಲ್ಲಿ ಮಾತ್ರ ರೋಗ ಮತ್ತೆ ಮತ್ತೆ ಬರುವುದೇಕೆ ಎಂಬುದು ಬಗೆಹರಿದಿರಲಿಲ್ಲ. ಅದನ್ನು ಬಿಡಿಸಿದವರು ವೋಲ್‌ಸ್ಟೈನ್ ಎಂಬ ಸಣ್ಣ ಪಟ್ಟಣದ ಸರ್ಕಾರಿ ವೈದ್ಯ ರಾಬರ್ಟ್ ಕಾಕ್. ದನದ ಕಣ್ಣಿನ ದ್ರವದಲ್ಲಿ ಈ ಕಡ್ಡಿಗಳನ್ನು ಬೆಳೆಸಿ, ಅವು ಉದ್ದನೆಯ ಎಳೆಗಳಾಗಿ, ಎಳೆಗಳೊಳಗೆ ಬೀಜಕಣ ಕಟ್ಟಿ, ಆ ಬೀಜಕಣಗಳಿಂದ ಮತ್ತೆ ಕಡ್ಡಿಗಳು ಹುಟ್ಟುವುದನ್ನು ಅವರು 1876ರಲ್ಲಿ ತೋರಿಸಿದರು. ರೋಗಾಣು ಅಡಗುವ ಜಾಗ ಮಣ್ಣು ಎಂಬುದು ಅಲ್ಲಿಗೆ ಖಚಿತವಾಯಿತು.

ಇಂದು ಪಶುವೈದ್ಯರು ಹೇಳುವ ಕಟ್ಟುನಿಟ್ಟಿನ ಮಾತೊಂದು ಇದೇ ತಿಳಿವಳಿಕೆಯಿಂದ ಬಂದದ್ದು: ನೆರಡಿಯ ಅನುಮಾನವಿದ್ದರೆ ಕಳೇಬರ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಮುಚ್ಚಿದ ಕಳೇಬರದೊಳಗೆ ಕಡ್ಡಿಗಳು ಕೊಳೆಯುವಿಕೆಯಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ಕೊಯ್ದರೆ ರಕ್ತ ಚೆಲ್ಲಿ ಗಾಳಿ ತಾಗುತ್ತದೆ, ಬೀಜಕಣ ಕಟ್ಟುತ್ತದೆ. ಆಮೇಲೆ ಆ ನೆಲ ದಶಕಗಳವರೆಗೆ ಅಪಾಯದ ನೆಲ. ಸತ್ತ ದನದ ಚರ್ಮದಿಂದ ನಾಲ್ಕು ಕಾಸು ಬರುವ ಮನೆಯಲ್ಲಿ ಈ ಮಾತನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂಬುದನ್ನು ಪಠ್ಯಪುಸ್ತಕಗಳು ಬರೆಯುವುದಿಲ್ಲ.

ನೆರಡಿಯ ಈ ತಿಳಿವಳಿಕೆಯನ್ನು ಲೂಯಿ ಪ್ಯಾಶ್ಚರ್ ಲಸಿಕೆಯ ಕಡೆಗೆ ಒಯ್ದರು. 1881ರ ಮೇ ತಿಂಗಳಲ್ಲಿ ಪುಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ 24 ಕುರಿ, ಒಂದು ಮೇಕೆ ಮತ್ತು ಆರು ದನಗಳಿಗೆ ಎರಡು ಸಲ ಲಸಿಕೆ ಹಾಕಿ, ಮೇ 31ರಂದು ಲಸಿಕೆ ಹಾಕಿದ ಮತ್ತು ಹಾಕದ ಎಲ್ಲ ಪ್ರಾಣಿಗಳಿಗೂ ಜೀವಂತ ರೋಗಾಣು ಚುಚ್ಚಿದರು. ಜೂನ್ 2ರಂದು ಜನ ನೋಡಲು ಬಂದಾಗ ಲಸಿಕೆ ಪಡೆದ ಕುರಿಗಳು ಮೇಯುತ್ತಿದ್ದವು, ಉಳಿದ ಕುರಿಗಳು ಸತ್ತಿದ್ದವು ಇಲ್ಲವೇ ಸಾಯುತ್ತಿದ್ದವು. ಈ ಕಥೆ ಎಲ್ಲರಿಗೂ ಗೊತ್ತು. ಪ್ಯಾಶ್ಚರ್ ಅಂದು ಬಳಸಿದ್ದು ಬಿಸಿಯಲ್ಲಿ ಬೆಳೆಸುವ ತಮ್ಮ ಹೆಸರಾಂತ ಕ್ರಮದ ಲಸಿಕೆಯನ್ನಲ್ಲ, ಸಹಾಯಕ ಶಾಂಬರ್ಲಾಂ ರಾಸಾಯನಿಕದಿಂದ ದುರ್ಬಲಗೊಳಿಸಿದ ಲಸಿಕೆಯನ್ನು ಎಂಬುದು ಅಷ್ಟು ಪ್ರಚಾರ ಪಡೆಯಲಿಲ್ಲ. ಪ್ರಯೋಗಾಲಯದ ಟಿಪ್ಪಣಿ ಪುಸ್ತಕಗಳನ್ನು ಪರಿಶೀಲಿಸಿ ಇತಿಹಾಸಕಾರ ಜೆರಾಲ್ಡ್ ಗೈಸನ್ 1995ರಲ್ಲಿ ಇದನ್ನು ವಿವರವಾಗಿ ಬರೆದರು. ರಾಸಾಯನಿಕದ ದಾರಿಯನ್ನು 1880ರಲ್ಲೇ ತುಳಿದಿದ್ದ ಪಶುವೈದ್ಯ ತೂಸಾಂಗೆ ಸಿಗಬೇಕಾದ ಮನ್ನಣೆ ಇನ್ನೂ ಪೂರ್ತಿ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಓಂಡರ್‌ಸ್ಟೆಪೂರ್ಟ್‌ನಲ್ಲಿ ಮ್ಯಾಕ್ಸ್ ಸ್ಟರ್ನ್ ಹೊದಿಕೆಯಿಲ್ಲದ ನೆರಡಿ ತಳಿಯೊಂದನ್ನು ಬೇರ್ಪಡಿಸಿದರು. ಇಂದು ನಮ್ಮ ದನಗಳಿಗೆ ಹಾಕುವ ನೆರಡಿ ಲಸಿಕೆಯ ಮೂಲ ಅದೇ. ಯಾಕೆ ಅದು ಕೆಲಸ ಮಾಡುತ್ತದೆ ಎಂಬುದು 1980ರ ದಶಕದಲ್ಲಿ ತಿಳಿಯಿತು. ಈ ಬ್ಯಾಕ್ಟೀರಿಯಾದೊಳಗೆ ಪ್ಲಾಸ್ಮಿಡ್ ಎಂಬ ಎರಡು ಪುಟ್ಟ ಡಿಎನ್‌ಎ ಉಂಗುರಗಳಿವೆ. ವಿಷಕ್ಕೆ ಒಂದು, ಹೊದಿಕೆಗೆ ಇನ್ನೊಂದು. ಬಿಸಿಯಲ್ಲಿ ಬೆಳೆಸುವ ಪ್ಯಾಶ್ಚರ್ ಕ್ರಮದಲ್ಲಿ ಮೊದಲನೆಯದು ಕಳಚಿಹೋಗುತ್ತಿತ್ತು, ಸ್ಟರ್ನ್ ತಳಿಯಲ್ಲಿ ಎರಡನೆಯದು ಇಲ್ಲ.

ಇಷ್ಟೆಲ್ಲ ತಿಳಿದ ಮೇಲೂ 2016ರ ಬೇಸಿಗೆಯಲ್ಲಿ ಸೈಬೀರಿಯಾದ ಯಮಾಲ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ನೆರಡಿಯಿಂದ ಸತ್ತವು, ಒಬ್ಬ ಬಾಲಕನೂ ತೀರಿಕೊಂಡ. ಸೆಕೆಗೆ ಹೆಪ್ಪುನೆಲ ಕರಗಿ ಹಳೆಯ ಬೀಜಕಣಗಳು ಹೊರಬಂದದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅಲ್ಲಿ 2007ರಲ್ಲೇ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನು ನಿಲ್ಲಿಸಿದ್ದರು ಎಂಬುದರತ್ತ ಹೆಚ್ಚು ಜನ ನೋಡಲಿಲ್ಲ. ನನಗೆ ಹೆಚ್ಚು ಕಾಡುವುದು ಈ ಎರಡನೆಯ ಸಂಗತಿ. ದೀರ್ಘಕಾಲ ರೋಗ ಕಾಣದಿದ್ದರೆ, ರೋಗವೇ ಹೋಯಿತು ಎಂದು ಸರ್ಕಾರಗಳು ಭಾವಿಸುತ್ತವೆ.

ಎಲ್ಲ ರೋಗಾಣುಗಳೂ ಮಣ್ಣಿನಲ್ಲಿ ಅಡಗುವುದಿಲ್ಲ. ಗಳಲೆ ರೋಗದ್ದು ಬೇರೆ ದಾರಿ. ಮಳೆ ಹಿಡಿಯುವ ಹೊತ್ತಿಗೆ ಎಮ್ಮೆಗಳಿಗೆ ಜ್ವರ ಬಂದು, ಗಂಟಲು ಊದಿ, ಒಂದೆರಡು ದಿನಗಳಲ್ಲಿ ಸಾಯುವುದನ್ನು ನಮ್ಮ ರೈತರು ತಲೆಮಾರುಗಳಿಂದ ಕಂಡಿದ್ದಾರೆ. ಕಾರಣ ಪ್ಯಾಶ್ಚುರೆಲ್ಲಾ ಮಲ್ಟೊಸಿಡಾ. ಶ್ರೀಲಂಕಾದಲ್ಲಿ ಎಂ. ಸಿ. ಎಲ್. ಡಿ ಆಲ್ವಿಸ್ ಮತ್ತಿತರರು ನಡೆಸಿದ ಅಧ್ಯಯನಗಳಿಂದ, ರೋಗದ ಲಕ್ಷಣವೇ ಇಲ್ಲದ ಎಮ್ಮೆಗಳ ಟಾನ್ಸಿಲ್‌ಗಳಲ್ಲಿ ಇದು ಸುಮ್ಮನೆ ಕುಳಿತಿರುತ್ತದೆ ಎಂದು ಗೊತ್ತಾಯಿತು. ಮಳೆ, ಚಳಿ, ದುಡಿಮೆ, ಮೇವಿನ ಕೊರತೆ ಇವೆಲ್ಲ ಸೇರಿ ದನದ ಮೈ ಸೋತಾಗ ಅದು ಎದ್ದು ಬರುತ್ತದೆ.

ಈ ಮಾತಿಗೆ ಅತ್ಯಂತ ಭೀಕರ ಸಾಕ್ಷಿ ಸಿಕ್ಕಿದ್ದು ಕೊಟ್ಟಿಗೆಯಿಂದ ಬಹುದೂರ, ಕಜಾಕಸ್ತಾನದ ಬಯಲಿನಲ್ಲಿ. 2015ರ ಮೇ ತಿಂಗಳಲ್ಲಿ ಮರಿ ಹಾಕಲು ನೆರೆದಿದ್ದ ಸೈಗಾ ಚಿಗರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು, ಮೂರೇ ವಾರಗಳಲ್ಲಿ ಸತ್ತವು. ಜಗತ್ತಿನಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದವು. ತಾಯಿಗಳು ಮೊದಲು, ಹಿಂದೆಯೇ ಮರಿಗಳು. ಕೊಂದದ್ದು ಅದೇ ಪ್ಯಾಶ್ಚುರೆಲ್ಲಾ, ಗಳಲೆಗೆ ಕಾರಣವಾಗುವ ಬಿ ಗುಂಪಿನದು. ಹೊರಗಿನಿಂದ ಬಂದ ಸೋಂಕು ಇಷ್ಟು ದೂರದೂರದ ಹಿಂಡುಗಳನ್ನು ಒಂದೇ ಹೊತ್ತಿಗೆ ಮುಟ್ಟಲಾರದು, ಅದು ಅವುಗಳ ಮೈಯೊಳಗೇ ಮೊದಲೇ ಇದ್ದಿರಬೇಕು. 2018ರಲ್ಲಿ ಪ್ರಕಟವಾದ ಅಧ್ಯಯನವು ಸಾವಿಗೆ ಮುಂಚಿನ ದಿನಗಳ ಹವಾಮಾನವನ್ನೂ, 1981 ಮತ್ತು 1988ರ ಇಂಥವೇ ಸಾವುಗಳನ್ನೂ ಹೋಲಿಸಿ ನೋಡಿತು. ಗಾಳಿಯಲ್ಲಿ ಅಸಹಜವಾಗಿ ಹೆಚ್ಚಿದ ತೇವ ಮತ್ತು ಸೆಕೆ ಮೂರೂ ಸಲ ಇದ್ದವು. ಆ ತೇವ ಪ್ರಾಣಿಯೊಳಗಿನ ಬ್ಯಾಕ್ಟೀರಿಯಾವನ್ನು ಹೇಗೆ ಕೆರಳಿಸಿತು ಎಂಬ ಕೊಂಡಿ ಇನ್ನೂ ಸಿಕ್ಕಿಲ್ಲ. ಈ ಕ್ಷೇತ್ರದಲ್ಲಿ ಇಂದು ಉಳಿದಿರುವ ಪ್ರಶ್ನೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ಕ್ಷಯದ ಚರಿತ್ರೆಯಲ್ಲಿ ಎಡವಿದವರು ಸ್ವತಃ ಕಾಕ್. ದನದ ಕ್ಷಯ ಮನುಷ್ಯರಿಗೆ ಅಷ್ಟೇನೂ ಅಪಾಯವಲ್ಲ ಎಂದು ಅವರು 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಹೇಳಿದರು. ಬ್ರಿಟನ್ನಿನ ರಾಯಲ್ ಕಮಿಷನ್ ಹತ್ತು ವರ್ಷ ಶ್ರಮಿಸಿ ಅದು ತಪ್ಪೆಂದು ತೋರಿಸಬೇಕಾಯಿತು. ಹಾಲು ಕಾಯಿಸಿಯೂ ದನ ಪರೀಕ್ಷಿಸಿಯೂ ರೋಗ ಇಳಿದ ಮೇಲೆ, 1971ರಲ್ಲಿ ಗ್ಲಾಸ್ಟರ್‌ಶೈರ್‌ನಲ್ಲಿ ಬ್ಯಾಜರ್ ಎಂಬ ಬಿಲವಾಸಿ ಕಾಡುಪ್ರಾಣಿಯಲ್ಲಿ ಅದೇ ಕ್ಷಯ ಕಂಡಿತು. 1998ರಲ್ಲಿ ಆರಂಭವಾದ ದೊಡ್ಡ ಪ್ರಯೋಗದಲ್ಲಿ ಸುಮಾರು 11,000 ಬ್ಯಾಜರ್‌ಗಳನ್ನು ಕೊಂದರು. ಕೊಂದ ಪ್ರದೇಶದೊಳಗೆ ದನಗಳ ಕ್ಷಯ ಇಳಿಯಿತು, ಅಂಚಿನಲ್ಲಿ ಏರಿತು. ಬಿಲಗಳ ವ್ಯವಸ್ಥೆ ಚದುರಿ ಉಳಿದ ಬ್ಯಾಜರ್‌ಗಳು ದೂರ ಅಲೆದದ್ದು ಕಾರಣ. ಸೋಂಕು ಎದುರು ದಿಕ್ಕಿನಲ್ಲೂ ಹರಿಯುತ್ತದೆ: ದಕ್ಷಿಣ ಭಾರತದ ಕಾಡಾನೆಗಳಲ್ಲಿ ಮನುಷ್ಯರ ಕ್ಷಯದ ರೋಗಾಣುವೇ ಸಿಕ್ಕಿದ್ದು 2017ರಲ್ಲಿ ವರದಿಯಾಗಿದೆ.

ಪ್ರತಿಜೈವಿಕಗಳ ಅಧ್ಯಾಯವನ್ನು ಇಲ್ಲಿ ಮುಟ್ಟಿ ಮುಂದೆ ಹೋಗುತ್ತೇನೆ, ಅದಕ್ಕೇ ಬೇರೆ ಲೇಖನ ಬೇಕು. ಕೆಚ್ಚಲು ಬಾವಿಗೆ ಅವು ವರವಾದವು. ಕೋಳಿ, ಹಂದಿಗಳ ಮೈ ಬೆಳೆಸಲು ಮೇವಿನಲ್ಲಿ ಬೆರೆಸಿದ್ದು ಶಾಪವಾಯಿತು. ಭಾರತ 2019ರಲ್ಲಿ ಪಶು ಆಹಾರದಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೈವಿಕವನ್ನು ನಿಷೇಧಿಸಿದ್ದು ಸರಿಯಾದ ಕ್ರಮ.

ಭಾರತದಲ್ಲಿ ಈ ವಿಜ್ಞಾನ ನೆಲೆಯೂರಿದ್ದು 1889ರಲ್ಲಿ, ಪುಣೆಯ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿಯಲ್ಲಿ. 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು, ಇಂದು ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ ನೆರಡಿ, ಗಳಲೆ, ಚಪ್ಪೆ ರೋಗಗಳ ಲಸಿಕೆ ತಯಾರಿಸುತ್ತದೆ. ಯಲಹಂಕದ ನಿವೇದಿ ಸಂಸ್ಥೆ ಯಾವ ರೋಗ ಯಾವ ಜಿಲ್ಲೆಯಲ್ಲಿ ಮರುಕಳಿಸುತ್ತದೆ ಎಂಬ ಲೆಕ್ಕವಿಡುತ್ತದೆ, ಪ್ರಾಣಿಗಳು ಗರ್ಭ ಕಳೆದುಕೊಳ್ಳುವ ಕಂದು ರೋಗದ (ಬ್ರುಸೆಲ್ಲೋಸಿಸ್) ಪತ್ತೆಗೆ ಪರೀಕ್ಷಾ ಕಿಟ್‌ಗಳನ್ನೂ ರೂಪಿಸಿದೆ.

ಈ ಕಂದು ರೋಗದ ವಿಷಯದಲ್ಲಿ ನಾವು ಹಿಂದುಳಿದಿದ್ದೇವೆ. ಡೇವಿಡ್ ಬ್ರೂಸ್ 1887ರಲ್ಲಿ ಮಾಲ್ಟಾದಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ ಇದರ ರೋಗಾಣು ಕಂಡರು. ಅದು ಎಲ್ಲಿಂದ ಬರುತ್ತಿತ್ತೆಂದು ತಿಳಿಯಲು 18 ವರ್ಷ ಹಿಡಿಯಿತು. 1905ರಲ್ಲಿ ಥೆಮಿಸ್ಟೊಕ್ಲಿಸ್ ಝಮಿಟ್ ಪರೀಕ್ಷಿಸಿದ್ದು ದ್ವೀಪಕ್ಕೆಲ್ಲ ಹಾಲು ಕೊಡುತ್ತಿದ್ದ, ನೋಡಲು ಆರೋಗ್ಯವಾಗಿದ್ದ ಮೇಕೆಗಳನ್ನು. ರೋಗಾಣು ಇದ್ದದ್ದು ಅವುಗಳಲ್ಲೇ. ಸೈನಿಕರಿಗೆ ಮೇಕೆ ಹಾಲು ನಿಲ್ಲಿಸಿದೊಡನೆ ಜ್ವರ ಕುಸಿಯಿತು. ದನ ಕಂದು ಹಾಕಿಸುವ, ಬ್ಯಾಂಗ್ ಎಂಬ ವಿಜ್ಞಾನಿ ಗುರುತಿಸಿದ ರೋಗಾಣು ಮತ್ತು ಮಾಲ್ಟಾದ ರೋಗಾಣು ಹತ್ತಿರದ ಸಂಬಂಧಿಗಳು ಎಂದು ಆಲಿಸ್ ಇವಾನ್ಸ್ 1918ರಲ್ಲಿ ಬರೆದಾಗ ಹಿರಿಯ ವಿಜ್ಞಾನಿಗಳು ನಂಬಲಿಲ್ಲ. ಆಕೆಗೇ ಆ ಸೋಂಕು ತಗುಲಿ ವರ್ಷಗಟ್ಟಲೆ ನರಳಿದರು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಜೀವಮಾನದಲ್ಲೊಮ್ಮೆ ಕಂದು ರೋಗದ ಲಸಿಕೆ ಹಾಕಿಸುತ್ತದೆ. ಸೋಂಕಿತ ಹಸುಗಳನ್ನು ಕೊಂದು ರೋಗ ಅಳಿಸುವ ವಿದೇಶಿ ಕ್ರಮ ಇಲ್ಲಿ ನಡೆಯದು, ಹಾಗಾಗಿ ಲಸಿಕೆಯೇ ದಾರಿ. ಆದರೆ ಅದು ಹಸು, ಎಮ್ಮೆಗಳ ಕರುಗಳಿಗೆ ಮಾತ್ರ. ಕುರಿ, ಮೇಕೆಗಳಿಗೆ ಇಲ್ಲ. ಮನುಷ್ಯರಿಗೆ ಹೆಚ್ಚು ಉಗ್ರವಾದ ತಳಿ ಇರುವುದೇ ಅವುಗಳಲ್ಲಿ. ಬಯಲುಸೀಮೆಯ ಕುರಿಗಾಹಿಗಳು ಹಿಂಡಿನೊಡನೆ ಊರಿಂದ ಊರಿಗೆ ನಡೆಯುತ್ತ, ಹೊಲಗಳಲ್ಲಿ ಮಂದೆ ನಿಲ್ಲಿಸುತ್ತ, ಈದ ಕುರಿಯ ಸತ್ತೆಯನ್ನೂ ಕಂದಿದ ಮರಿಯನ್ನೂ ಬರಿಗೈಯಲ್ಲೇ ಎತ್ತಿ ಹಾಕುತ್ತಾರೆ. ಆಮೇಲೆ ಬರುವ ಬಿಟ್ಟುಬಿಟ್ಟು ಕಾಡುವ ಜ್ವರ, ಕೀಲುನೋವುಗಳಿಗೆ ಮಾತ್ರೆ ನುಂಗಿ ಹಿಂಡಿನ ಹಿಂದೆ ನಡೆಯುತ್ತಾರೆ. ಅವರ ಕುರಿ, ಮೇಕೆಗಳನ್ನು ಈ ಕಾರ್ಯಕ್ರಮದೊಳಕ್ಕೆ ತರುವುದು, ಅವರ ಕೈಗೆ ಗವಸು ಮುಟ್ಟಿಸುವುದು, ಜ್ವರಕ್ಕೆ ಬಂದ ಕುರಿಗಾಹಿಯನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು ನಿಮ್ಮ ಹಿಂಡಿನಲ್ಲಿ ಕುರಿ ಕಂದು ಹಾಕಿದ್ದುಂಟೇ ಎಂದು ಕೇಳುವುದು ಈಗ ಆಗಬೇಕಾದ ಕೆಲಸಗಳು.